ನೀರಿನ ಲಾರಿಗೆ ಕಟ್ಟಿದ ಅಡ್ಡ ಸರಳು

ಮಾರ್ಲೂ ಫ್ಲಾಟಿನಲ್ಲಿ ಫ್ರಾನೆ ಎಂದರೆ ನೀರು. ಓಪಲ್ ಎಂಬ ರತ್ನದ ಕಲ್ಲು ಅಗೆಯುವವರು ಬಿಸಿಲಿಗೆ ಹೆದರಿ ಗುಡ್ಡ ಕೊರೆದು ನೆಲದೊಳಗೇ ಮನೆ ಮಾಡಿಕೊಂಡಿರುವ ಆ ಊರಿನಲ್ಲಿ ನಲ್ಲಿ ಇರುವುದು ಪೇಟೆಬೀದಿಗೆ ಮಾತ್ರ. ಆಚೆಯ ಇಪ್ಪತ್ತಮೂರು ಬಿಡಾರಗಳಿಗೆ ದಿನ ಬಿಟ್ಟು ದಿನ ಲಾರಿಯಲ್ಲಿ ನೀರು ಮುಟ್ಟಿಸುವವನು ಇವನೊಬ್ಬನೇ. ಎರಡು ವರ್ಷ ಇದ್ದು ಹೋಗೋಣವೆಂದು ಬಂದವನು, ಇಪ್ಪತ್ತೊಂಬತ್ತು ಆಯಿತು. ಹುಟ್ಟಿದ್ದು ಕ್ರೊಯೇಷಿಯಾದ ಒಂದು ದ್ವೀಪದಲ್ಲಿ. ಕಡಲು ಕಂಡು ಮಾತ್ರ ಹನ್ನೊಂದು ವರ್ಷವಾಗಿದೆ. ದೂರದ ಕರಾವಳಿಯ ಪೋರ್ಟ್ ಲಿಂಕನ್‌ನಲ್ಲಿರುವ ತಂಗಿ ನೇದಾ ಕಡಲಿನ ಕಡೆ ಕಿಟಕಿಯಿರುವ ಕೋಣೆಯೊಂದನ್ನು ಅವನಿಗಾಗಿ ಖಾಲಿ ಇಟ್ಟು ಕಾಯುತ್ತಿದ್ದಾಳೆ. ಇಪ್ಪತ್ತಮೂರು ಬಿಡಾರಗಳ ಕೊಡಗಳನ್ನು ಒಣಗಿಸಿ ಬಸ್ಸು ಹತ್ತುವಷ್ಟು ಕಲ್ಲೆದೆ ಅವನಿಗಿರಲಿಲ್ಲ.

ಲಾರಿಯನ್ನು ಯಾರಿಗಾದರೂ ಒಪ್ಪಿಸಬಹುದಿತ್ತು, ಅದು ವಾಲದೆ ಇದ್ದಿದ್ದರೆ. ಶಾಲೆಯ ಬಸ್ಸು ಓಡಿಸುವ ಗ್ರೀಕರ ಹೆಂಗಸು ದೆಸ್ಪಿನಾ ಹೋದ ವರ್ಷ ಒಮ್ಮೆ ಧೈರ್ಯ ಮಾಡಿದಳು. ಒಂಟಿಕಂಬದ ತಿರುವಿನಲ್ಲಿ ತೊಟ್ಟಿಯ ನೀರೆಲ್ಲ ಒಂದೇ ಕಡೆಗೆ ನುಗ್ಗಿತು, ಲಾರಿ ಇನ್ನೇನು ಮಗುಚಿತು ಎನ್ನುವಷ್ಟು ಹೊರಳಿತು. ಅಲ್ಲೇ ನಿಲ್ಲಿಸಿ, ಕೀಲಿಯನ್ನು ಸೀಟಿನ ಮೇಲೆಸೆದು, ಉರಿಬಿಸಿಲಲ್ಲಿ ನಡೆದೇ ಬಂದು ಅವನ ಬಾಗಿಲಲ್ಲಿ ನಿಂತಳು.

"ಬಾರ್ಬಾ, ಅದು ಲಾರಿ ಅಲ್ಲ, ಕುಡುಕ!" ಬಾರ್ಬಾ ಅಂದರೆ ಮಾವ, ಅವನ ದ್ವೀಪದಲ್ಲೂ ಅವಳವರಲ್ಲೂ ಹಿರಿಯರನ್ನು ಕರೆಯುವುದು ಹಾಗೆಯೇ.

"ಇಷ್ಟು ವರ್ಷ ನಾನು ಓಡಿಸ್ತಾ ಇಲ್ವೇನೇ?"

"ನೀನೆಲ್ಲಿ ಓಡಿಸ್ತೀಯ? ಅದರ ಜೊತೆ ಕುಸ್ತಿ ಆಡ್ತೀಯ. ನೆಟ್ಟಗೆ ನಡೆಯೋ ಹಾಗೆ ಮಾಡಿಕೊಡು, ಮಾರನೇ ದಿನಾನೇ ಕೆಲಸ ನಂದು."

ಕುಸ್ತಿಯೇ ಸರಿ. ತಿರುವಿಗೆ ಮುಂಚೆಯೇ ಅವನು ಮೈಯನ್ನು ಎದುರು ದಿಕ್ಕಿಗೆ ಎಸೆದುಬಿಡುತ್ತಿದ್ದ. ಎಸೆದೂ ಎಸೆದೂ ಎಡ ಸೊಂಟ ಸವೆದುಹೋಗಿತ್ತು.

ಆ ಚಳಿಗಾಲದಲ್ಲಿ ಫ್ರಾನೆ ಲಾರಿಯಡಿ ಸೇರಿದ. ಗುಜರಿಯಲ್ಲಿ ಬಿದ್ದಿದ್ದ ಬಸ್ಸಿನಿಂದ ಹೆಬ್ಬೆರಳಿಗಿಂತ ದಪ್ಪನೆಯ ಅಡ್ಡ ಸರಳೊಂದನ್ನು ಬಿಚ್ಚಿ ತಂದ. ಅದು ಸ್ಪ್ರಿಂಗ್ ಉಕ್ಕು, ವೆಲ್ಡಿಂಗಿನ ಬೆಂಕಿ ತಾಗಿದರೆ ಕಸುವು ಹೋಗುತ್ತದೆ. ಆದ್ದರಿಂದ ಸರಳನ್ನು ಮುಟ್ಟದೆ, ಅದನ್ನು ಹಿಂದಿನ ಆಕ್ಸಲಿಗೆ ಹಿಡಿದಿಡುವ ಹಿಡಿಕೆಗಳನ್ನಷ್ಟೇ ದಪ್ಪ ತಗಡಿನಲ್ಲಿ ಕೊಯ್ದು ಮಾಡಿಕೊಂಡ. ಒಳಗೆ ಗಣಿಯ ಹಳೇ ಬೆಲ್ಟಿನ ರಬ್ಬರು ಇಟ್ಟ. ಸರಳಿನ ಎರಡು ತುದಿಗಳನ್ನು ತಿರುಪಿನ ಕೊಂಡಿಗಳಿಂದ ಮೇಲಿನ ಉಕ್ಕಿನ ಚೌಕಟ್ಟಿಗೆ, ಚಾಸಿಗೆ, ಕಟ್ಟಿದ. ಇನ್ನು ಲಾರಿಯ ಒಂದು ಮಗ್ಗುಲು ಕುಸಿಯಹೊರಟರೆ ಸರಳು ತಿರುಚಿಕೊಂಡು ತಡೆಯುತ್ತದೆ. ಇನ್ನೊಂದು ಮಗ್ಗುಲಿನ ಒಪ್ಪಿಗೆಯಿಲ್ಲದೆ ಈ ಮಗ್ಗುಲು ಅಲುಗುವಂತಿಲ್ಲ. ಅಂಗಾತ ಮಲಗಿ ಅದನ್ನು ನೋಡುತ್ತಿದ್ದ ಫ್ರಾನೆ ಸರಕ್ಕನೆ ಹೊರಗೆ ತೆವಳಿ ಬಂದ.

ತೊಟ್ಟಿ ತುಂಬಿಸಿ, ಅಂಗಳದಲ್ಲೇ ಕೊಂಡಿಗಳ ಅಳತೆ ಹೊಂದಿಸಿ ಬಿಗಿದ. ಮರುದಿನ ಪೇಟೆಬೀದಿಯಲ್ಲಿ ನಿಲ್ಲಿಸಿದರೆ, ಲಾರಿ ಬಲಕ್ಕೆ ಕತ್ತು ವಾರೆ ಮಾಡಿ ನಿಂತಿತ್ತು.

ದೆಸ್ಪಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೊದಲು ತಿರುವಲ್ಲಿ ಮಾತ್ರ ವಾಲ್ತಿತ್ತು. ಈಗ ನಿಂತಲ್ಲೇ ವಾಲೋದನ್ನೂ ಕಲಿಸಿದೀಯ!"

ಫ್ರಾನೆಗೆ ನಗು ಬರಲಿಲ್ಲ. ಅಂದು ತಂಗಿಗೆ ಫೋನು ಮಾಡಿ, "ಆ ಕೋಣೆ ಯಾರಿಗಾದ್ರೂ ಕೊಟ್ಟುಬಿಡೇ ನೇದಾ," ಎಂದ. ಅವಳು "ಕೊಡಲ್ಲ," ಎಂದು ಫೋನು ಇಟ್ಟುಬಿಟ್ಟಳು.

ನಕ್ಕಿದ್ದು ಹೆಚ್ಚಾಯಿತೆನ್ನಿಸಿ ದೆಸ್ಪಿನಾ ಸಂಜೆ ಬಿಯರ್ ಹಿಡಿದು ಬಂದಳು. ಕುಡಿದ ಬಾಟಲಿಯನ್ನು ಅಂಗಳದಲ್ಲಿ ಅಡ್ಡ ಇಟ್ಟಳು. ಅದು ತನ್ನಷ್ಟಕ್ಕೆ ಉರುಳಿ, ಲಾರಿಯ ಬಲ ಚಕ್ರದ ಗುಳಿಗೆ ಇಳಿದು ನಿಂತಿತು.

"ಬಾರ್ಬಾ, ಇಲ್ಲೇನಾ ಅಳತೆ ತೆಗೆದಿದ್ದು?"

"ಮತ್ತೆಲ್ಲಿ? ಅದರ ಜಾಗ ಇದೇ."

"ನೆಲಾನೇ ಸೊಟ್ಟ ಇದೆಯಲ್ಲೋ ಮಾರಾಯ!"

ಅವನು ಬಗ್ಗಿ ನೋಡಿದ. ಲಾರಿಯ ಬಲಗಡೆಯ ನಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ ಆ ಕಡೆಯ ನೆಲ ಗೇಣಿನಷ್ಟು ಕುಸಿದಿತ್ತು. ಇಪ್ಪತ್ತೊಂಬತ್ತು ವರ್ಷ ಅದರ ಮೇಲೇ ಓಡಾಡಿದವನಿಗೆ ಅದೇ ಸಮನಾಗಿ ಕಂಡಿತ್ತು.

ಗಣಿಯಿಂದ ತೆಗೆದು ಸುರಿದ ಮಣ್ಣಿನ ಗುಪ್ಪೆಗಳ ಆ ಊರಲ್ಲಿ ಮಟ್ಟಸವಾದ ನೆಲವೆಂದರೆ ಶಾಲೆಯ ಸಿಮೆಂಟು ಅಂಗಳ ಒಂದೇ. ಭಾನುವಾರ ಬಸ್ಸನ್ನು ಆಚೆ ಸರಿಸಿ, ನೀರು ತುಂಬಿದ ಲಾರಿಯನ್ನು ಅಲ್ಲಿ ನಿಲ್ಲಿಸಿದರು. ಫ್ರಾನೆ ಕೊಂಡಿಗಳನ್ನು ಬಿಚ್ಚಿದ. ಕಟ್ಟು ಕಳಚಿದ ಲಾರಿ ಒಮ್ಮೆ ಕಿರುಗುಟ್ಟಿ, ಮೆಲ್ಲನೆ ನೆಟ್ಟಗಾಯಿತು. ಹೊಸದಾಗಿ ಅಳೆದು ಬಿಗಿದ.

ಸ್ಟೀರಿಂಗು ದೆಸ್ಪಿನಾಳ ಕೈಗೆ ಬಂತು. ಫ್ರಾನೆ ಪಕ್ಕದ ಸೀಟಿನಲ್ಲಿ ಕೂತ. ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಒಂಟಿಕಂಬದ ತಿರುವು ಬಂತು, ನೀರು ಗುಡುಗಿತು. ಲಾರಿ ಮಾತ್ರ ಚಪ್ಪಟೆಯಾಗಿ, ತಟ್ಟೆ ಸರಿಸಿದ ಹಾಗೆ ಸಾಗಿತು.

"ಬಾರ್ಬಾ, ನೀನ್ಯಾಕೆ ಬಾಗಿಲಿಗೆ ಅಂಟಿಕೊಂಡಿದೀಯ?"

ಅವನ ಮೈ ಎಡಕ್ಕೆ ಹೊರಳಿ, ಭುಜ ಬಾಗಿಲಿಗೆ ಒತ್ತಿಕೊಂಡಿತ್ತು. ನೆಟ್ಟಗೆ ಕೂರಲು ನೋಡಿದ. ಮುಂದಿನ ತಿರುವಿನಲ್ಲೂ ಅದೇ ಕಥೆ.

"ನಿನಗೂ ಒಂದು ಸರಳು ಕಟ್ಟಬೇಕು," ಎಂದು ದೆಸ್ಪಿನಾ ನಕ್ಕಳು. ಈ ಸಲ ಅವನೂ ನಕ್ಕ.

ಇಪ್ಪತ್ತಮೂರು ಬಿಡಾರಗಳಿಗೂ ಅವಳೇ ನೀರು ಸುರಿದಳು. ಹಿಂತಿರುಗಿ, ರೂಢಿಯಂತೆ ಲಾರಿಯನ್ನು ಫ್ರಾನೆಯ ಅಂಗಳದ ಗುಳಿಗೆ ಇಳಿಸಹೊರಟಳು. ಅವನು ಕೈ ಚಾಚಿ ಸ್ಟೀರಿಂಗು ಹಿಡಿದುಬಿಟ್ಟ.

"ಇಲ್ಲಿ ಬೇಡ ಕಣೇ. ಶಾಲೆ ಹತ್ರಾನೇ ನಿಲ್ಲಿಸು. ಇನ್ಮೇಲೆ ಅದರ ಜಾಗ ಅದೇ."

ಅವನಿಳಿದ ಮೇಲೆ ಲಾರಿ ಹೊರಟುಹೋಯಿತು. ಫ್ರಾನೆ ಖಾಲಿ ಗುಳಿಯ ಅಂಚಿನಲ್ಲಿ, ಎಡಕ್ಕೆ ತುಸು ವಾಲಿಕೊಂಡೇ ಒಂದಷ್ಟು ಹೊತ್ತು ನಿಂತ. ಆಮೇಲೆ ಒಳಗೆ ಹೋಗಿ ನೇದಾಗೆ ಫೋನು ತಿರುಗಿಸಿದ.