ಲಿಫ್ಟರ್ ಮೇಷ್ಟ್ರು

ನಮ್ಮ ಶಾಲೆಯ ಹಿಂದಿನ ಗೋಡೆಯಲ್ಲಿ ಒಂದು ಕಡೆ ಸುಣ್ಣ ಎದ್ದುಹೋಗಿ ತಟ್ಟೆಯಗಲದ ಕಲೆ ಬಿದ್ದಿದೆ. ಅದು ನನ್ನ ಕೆಲಸ. ನಾಲ್ಕು ವರ್ಷದಿಂದ, ಮಕ್ಕಳು ಮನೆಗೆ ಹೋದ ಮೇಲೆ ವಾಲಿಬಾಲ್ ಹಿಡಿದು ಅಲ್ಲಿ ನಿಲ್ಲುತ್ತೇನೆ. ಬೆರಳುಗಳಿಂದ ಎತ್ತಿ ಎತ್ತಿ ದಿನಕ್ಕೆ ಇನ್ನೂರು ಸಲ ಅದೇ ಜಾಗಕ್ಕೆ ಮುಟ್ಟಿಸುತ್ತೇನೆ. ತಪ್ಪುವುದು ಅಪರೂಪ. ಜಂಬವಲ್ಲ, ಗೋಡೆ ಹಾಳಾಯಿತೆಂದು ಹೆಡ್‌ಮೇಡಂ ಬೈದದ್ದೇ ಸಾಕ್ಷಿ.

ಇಷ್ಟೆಲ್ಲ ಮಾಡುವುದು ಕುಶಾಲನಗರದ ಹತ್ತಿರದ ನಮ್ಮೂರ ತಂಡದಲ್ಲಿ ಲಿಫ್ಟರ್ ಆಗಿ ಉಳಿಯುವುದಕ್ಕೆ. ಹಿಂದಿನವರು ತಡೆದು ಕೊಟ್ಟ ಚೆಂಡನ್ನು ಲಿಫ್ಟರ್ ನೆಟ್ಟಿನ ಹತ್ತಿರ ಎತ್ತಿಕೊಡಬೇಕು, ಹೊಡೆಯುವವರು ಹಾರಿ ಹೊಡೆಯುತ್ತಾರೆ. ಎತ್ತುವುದು ಕೈಯ ಕೆಲಸ. ಯಾರಿಗೆ ಎತ್ತಬೇಕು ಎನ್ನುವುದು ಯಾವುದರ ಕೆಲಸವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

"ನಿಮ್ಮ ಕೈ ಚಿನ್ನ ಮಾಷ್ಟ್ರೆ," ಎನ್ನುತ್ತಿದ್ದರು ನಮ್ಮ ಕ್ಯಾಪ್ಟನ್, ಎಸ್ಟೇಟ್ ಒಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವವರು. "ಆದ್ರೆ ಬಾಲ್ ಬಂದ ಮೇಲೆ ಯೋಚ್ನೆ ಶುರು ಮಾಡ್ತೀರಲ್ಲ? ಬರೋ ಮೊದ್ಲೇ ಅದು ಮುಗ್ದಿರ್ಬೇಕು."

ಮುಗಿಯುವುದು ಹೇಗೆ ಸ್ವಾಮಿ? ತನಗೇ ಕೊಡು ಎಂದು ಒಬ್ಬ ಮಲಯಾಳದಲ್ಲಿ ಕೂಗುತ್ತಾನೆ, ಇನ್ನೊಬ್ಬ ತುಳುವಿನಲ್ಲಿ. ನಾನು ಜೋರಾಗಿ ಕೂಗಿದವನಿಗೆ ಕೊಟ್ಟುಬಿಡುತ್ತೇನೆ. ಆ ಕೂಗು ಎದುರಿನವರಿಗೂ ಕೇಳಿರುತ್ತದೆ. ಚೆಂಡು ತಲುಪುವಷ್ಟರಲ್ಲಿ ಅಲ್ಲಿ ಮೂರು ಜೋಡಿ ಕೈ ಎದ್ದು ನಿಂತಿರುತ್ತವೆ.

ತಂಡದ ಇನ್ನೊಬ್ಬ ಲಿಫ್ಟರ್ ಒಬ್ಬ ಜೀಪ್ ಡ್ರೈವರ್. ಅಭ್ಯಾಸದ ಗೊಡವೆಯೇ ಅವನಿಗಿಲ್ಲ. ಅವನು ಎತ್ತಿದ ಚೆಂಡು ಬುಗುರಿಯ ಹಾಗೆ ಸುತ್ತುತ್ತಾ ಹೋಗುತ್ತದೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ತಿಂಗಳು ಮೂರ್ನಾಡಿನಲ್ಲಿ ಪಂದ್ಯವಿತ್ತು. ಕೊನೆಯ ಸೆಟ್ಟಿನಲ್ಲಿ ನಾನು ಎತ್ತಿಕೊಟ್ಟ ಮೂರು ಚೆಂಡು ಒಂದರ ಹಿಂದೊಂದು ಎದುರಿನವರ ಕೈಗೆ ಬಡಿದು ನಮ್ಮ ಕಡೆಗೇ ಬಿದ್ದವು. ಮೂರೂ ಅಚ್ಚುಕಟ್ಟಾಗಿ ಎತ್ತಿದ ಚೆಂಡುಗಳೇ. ಕ್ಯಾಪ್ಟನ್ ನನ್ನನ್ನು ಹೊರಗೆ ಕರೆದು ಡ್ರೈವರನ್ನು ಆಟಕ್ಕೆ ಇಳಿಸಿದರು. ಮೊದಲ ಚೆಂಡನ್ನೇ ಅವನು ತಿರುಗಿಯೂ ನೋಡದೆ ತಲೆಯ ಹಿಂದಕ್ಕೆ ಎತ್ತಿದ. ಅಲ್ಲಿ ಬಾಯಿ ಬಿಡದೆ ನಿಂತಿದ್ದ ನಮ್ಮವನೊಬ್ಬ ಹಾರಿ ಹೊಡೆದ, ಅವನೆದುರು ಒಬ್ಬರೂ ಇರಲಿಲ್ಲ. ಮುಂದಿನವನ್ನೂ ಹಾಗೇ ಎತ್ತಿಕೊಟ್ಟ, ಗೆದ್ದೆವು. ನಾನೂ ಚಪ್ಪಾಳೆ ತಟ್ಟಿದೆ, ತಟ್ಟದೆ ಏನು ಮಾಡಲಿ.

ಆಮೇಲೆ ಜೀಪಿನ ಹತ್ತಿರ ಅವನನ್ನು ಹಿಡಿದುಕೊಂಡೆ. "ಅಲ್ಲಿ ಯಾರೂ ಇಲ್ಲ ಅಂತ ನಿಂಗೆ ಹೆಂಗೋ ಗೊತ್ತಾಯ್ತು? ಎದುರಿನವರ ಕಾಲು ನೋಡ್ದ್ಯಾ, ಭುಜ ನೋಡ್ದ್ಯಾ? ಹೇಳ್ಕೊಡು ಮಾರಾಯ."

ಅವನು ಪಾಪ, ನಿಜವಾಗಿಯೂ ಯೋಚಿಸಿದ. "ಅದೇನ್ ಹೇಳ್ಕೊಡೋದು ಸಾರ್? ನೋಡುದ್ರೆ ಗೊತ್ತಾಯ್ತದಲ್ಲ."

ಅಹಂಕಾರದಿಂದ ಹೇಳಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಇನ್ನು ಮುಂದೆ ಅವನೇ ಲಿಫ್ಟರ್ ಎಂದು ಕ್ಯಾಪ್ಟನ್ ದಾರಿಯಲ್ಲೇ ಹೇಳಿದರು.

ಸೋಮವಾರ ಐದನೇ ತರಗತಿಗೆ ಒಂದು ಲೆಕ್ಕ ಕೊಟ್ಟೆ. ಬುಟ್ಟಿಯಿಂದ ಇಪ್ಪತ್ತೆಂಟು ಕಿತ್ತಳೆ ತೆಗೆದ ಮೇಲೆ ಮೂವತ್ತೇಳು ಉಳಿದವು, ಮೊದಲು ಎಷ್ಟಿದ್ದವು? ಮುಂದಿನ ಸಾಲಿನ ಹುಡುಗಿ ಸ್ಲೇಟು ಹಿಡಿದು ಎದ್ದು ಬಂದಳು. ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ, ಕೂಡುವುದರಲ್ಲಿ, ಕಳೆಯುವುದರಲ್ಲಿ ಒಂದು ದಿನವೂ ತಪ್ಪಿದವಳಲ್ಲ.

"ಸಾರ್, ಇದು ಕೂಡೋದಾ, ಕಳೆಯೋದಾ?"

ವಾರಕ್ಕೆರಡು ಸಲ ಅವಳು ಇದನ್ನೇ ಕೇಳುತ್ತಾಳೆ. ವಾರಕ್ಕೆರಡು ಸಲ ನಾನು ರೇಗುತ್ತೇನೆ. ಅವತ್ತೂ ಬಾಯಿ ತೆರೆದಾಗಿತ್ತು: "ಓದುದ್ರೆ ಗೊತ್ತಾಯ್ತದಲ್ಲ—"

ನಾಚಿಕೆಯಾಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಜೀಪಿನ ಹತ್ತಿರ ನಾನು ನೋಡಿದ್ದ ಹಾಗೆ. ಹೇಗೆ ಹೇಳಿಕೊಡುವುದೆಂದು ಹುಡುಕಿದೆ. ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ, ಏನೂ ಸಿಗಲಿಲ್ಲ.

"ಕೂಡೋದು ಕಣಮ್ಮ," ಎಂದುಬಿಟ್ಟೆ.

ಅವಳು ಹೋಗಿ ಕೂತು, ಒಂದು ತಪ್ಪೂ ಇಲ್ಲದೆ ಕೂಡಿದಳು.