ಜಗ್ಗಿ ನೋಡುವ ಅತ್ತಿಗೆ

ಲಿಫ್ಟ್ ಕಾರ್ಖಾನೆಯವರೆಲ್ಲ ಅತ್ತಿಗೆ ಎಂದು ಕರೆಯುವ ಆಕೆಗೆ ಜಗ್ಗಿ ನೋಡದೆ ಯಾವುದರ ಮೇಲೂ ನಂಬಿಕೆಯಿಲ್ಲ. ವೈರಿನ ತುದಿಗೆ ತಾಮ್ರದ ಟೋಪಿ ತೊಡಿಸಿ, ಕ್ರಿಂಪಿಂಗ್ ಇಕ್ಕಳದಲ್ಲಿ ಅದುಮಿ ಜಗ್ಗುತ್ತಾಳೆ. ಮನೆಯಲ್ಲಿ ಗಂಡನ ಅಂಗಿಯ ಗುಂಡಿ, ಬಕೆಟ್ಟಿನ ಹಿಡಿ, ಕಡೆಗೆ ಮಗಳ ಜಡೆಯನ್ನೂ ಬಿಡುವುದಿಲ್ಲ. ಕಾರ್ಖಾನೆಯ ಹೊಸ ಇಕ್ಕಳವನ್ನಂತೂ ಕೂಸಿನ ಹಾಗೆ ಒರೆಸಿ, ಎಣ್ಣೆ ಹಚ್ಚಿ ಮಲಗಿಸುತ್ತಾಳೆ. ಯಾರಾದರೂ ಮುಟ್ಟಿದರೆ, "ಬಾಯಿ ಸವೆದ್ರೆ ನಿಮ್ಮಪ್ಪ ಬಂದು ಸರಿ ಮಾಡ್ತಾನಾ?" ಎನ್ನುತ್ತಾಳೆ. ಹಳೆಯ ಇಕ್ಕಳದ ಬಾಯಿ ಹಾಗೆಯೇ ಸವೆದಿತ್ತು. ಯಾವಾಗಿನಿಂದ ಎಂದು ಯಾರಿಗೂ ತಿಳಿಯದು. ಸವೆದ ಬಾಯಿಯಲ್ಲಿ ಅದುಮಿದ ಟೋಪಿ ಜಗ್ಗಿದಾಗ ನಿಂತರೂ ಮುಂದೆ ಸಡಿಲವಾಗಬಹುದು. ಅದರಲ್ಲಿ ಒತ್ತಿದ ವೈರುಗಳೇ ಆಕೆಯ ಮನೆಯಿರುವ ಕಟ್ಟಡದ ಲಿಫ್ಟಿನಲ್ಲಿವೆ. ಬಿಚ್ಚಿ ಮತ್ತೆ ಒತ್ತೋಣವೆಂದರೆ ಮೇಸ್ತ್ರಿ, "ನೀನೇ ಜಗ್ಗಿ ನೋಡಿದ್ದೀಯಲ್ಲ, ಬಿಡು" ಎಂದುಬಿಟ್ಟ. ಊರುಗೋಲು ಹಿಡಿದು ನಡೆಯುವ ಮಗಳು ಕೆಳಗಿನಿಂದ "ಬರ್ತಾ ಇದೀನಮ್ಮ" ಎಂದು ಫೋನ್ ಮಾಡಿದೊಡನೆ ಅತ್ತಿಗೆ ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾಳೆ. ಬಾಗಿಲು ತೆರೆದು ಮಗಳು ಹೊರಬಂದ ಮೇಲೆ, ಅವಳ ಜಡೆಯನ್ನೊಮ್ಮೆ ಜಗ್ಗಿ ನೋಡುತ್ತಾಳೆ.