ಅಪ್ಪ ಕ್ಲಾರೆನ್ಸನ ಕೋಣೆಗೆ ಹೋದದ್ದು

ಕಟಪಾಡಿ ಪೇಟೆಯ ಮೆಡಿಕಲ್ ಶಾಪಿನ ಮಾಳಿಗೆಯಲ್ಲಿ ಕಾವ್ಯ ಮತ್ತು ಕ್ಲಾರೆನ್ಸ್ ಸೇರಿ ಆಪ್ತಸಲಹೆಯ ಕೇಂದ್ರ ತೆರೆದದ್ದು ಎರಡು ಸಾವಿರದ ನಾಲ್ಕರಲ್ಲಿ. ಇಬ್ಬರೂ ಮನಃಶಾಸ್ತ್ರ ಓದಿದವರು. ಓದಿದ್ದೆಲ್ಲ ಬೋರ್ಡಿನ ಮೇಲೆ ಬರಬೇಕೆಂದು ಕಾವ್ಯಳ ಹಠ. ಎಂ.ಎ., ಎಂ.ಫಿಲ್., ಅದರ ಕೆಳಗೆ ಡಿಪ್ಲೊಮಾ, ಅದರ ಕೆಳಗೆ ಮಣಿಪಾಲದ ಆಸ್ಪತ್ರೆಯ ಅನುಭವ. "ಇನ್ನೂ ಉಂಟಾ ಮೇಡಂ? ಬೋರ್ಡ್ ಮುಗಿಯಿತು" ಎಂದು ಪೇಂಟರ್ ಉಮಾನಾಥ ಬ್ರಶ್ ಕೆಳಗಿಟ್ಟ ಮೇಲೆಯೇ ಅವಳು ನಿಲ್ಲಿಸಿದ್ದು. ಕ್ಲಾರೆನ್ಸನ ಡಿಗ್ರಿಗಳು ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಸೇರಿಕೊಂಡವು. ಅವನೇನೂ ಬೇಸರಿಸಲಿಲ್ಲ.

ಇಷ್ಟು ಬರೆಸಿದರೂ ಜನ ಮೆಟ್ಟಿಲು ಹತ್ತಿ ಬಂದು ಕೇಳುತ್ತಿದ್ದದ್ದು ಒಂದೇ: "ಮಾತ್ರೆ ಎಲ್ಲಿ?" ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಬರೀ ಮಾತು, ಅದಕ್ಕೂ ಫೀಸು ಎಂದು ಗೊತ್ತಾದಾಗ ಕೆಲವರು ಕೆಳಗಿನ ಮೆಡಿಕಲ್ ಶಾಪಿಗೇ ಇಳಿದು ಟಾನಿಕ್ ತೆಗೆದುಕೊಂಡು ಹೋದರು. ಉಳಿದವರು ಕುಳಿತರು. ನಿಧಾನವಾಗಿ ಬೆಂಚು ತುಂಬತೊಡಗಿತು.

ಕಾವ್ಯ ಕಾಪುವಿನ ಹುಡುಗಿ. ಅಪ್ಪ ದೇಜಪ್ಪ ದೋಣಿಯಲ್ಲಿ ಮೀನು ಹಿಡಿಯುವವರು, ಅಮ್ಮ ಅಕ್ಕು ಇದೇ ಕಟಪಾಡಿಯ ಮಾರ್ಕೆಟಿನಲ್ಲಿ ಮೀನು ಮಾರುವವರು. ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ಅವಳು ಒಂದು ವಿದ್ಯೆ ಚೆನ್ನಾಗಿ ಕಲಿತಿದ್ದಳು: ಮನುಷ್ಯ ಆಡಿದ ಮಾತಿನ ಹಿಂದೆ ಆಡದ ಮಾತು ಇನ್ನೊಂದು ಇರುತ್ತದೆ, ಅದನ್ನು ಹಿಡಿಯಬೇಕು. ಹಿಡಿಯುವುದರಲ್ಲಿ ಅವಳು ನಿಜಕ್ಕೂ ಜಾಣೆ. ಕ್ಲಾರೆನ್ಸನ ದಾರಿ ಬೇರೆ. ಕಾರ್ಕಳದವನು, ಪಾದ್ರಿಯಾಗಲು ಸೆಮಿನರಿ ಸೇರಿ, ದೀಕ್ಷೆಗೆ ಮೊದಲೇ ಹೊರಬಂದು ಅಮ್ಮನನ್ನು ಅಳಿಸಿದವನು. ಆಮೇಲೆ ಮನಃಶಾಸ್ತ್ರ ಓದಿ, ಪರ್ಕಳದಲ್ಲಿ ಕಟ್ಟಡ ಕೆಲಸದವರಿಗೆ ಕುಡಿತ ಬಿಡಿಸುವ ಶಿಬಿರಗಳಲ್ಲಿ ಕೂತವನು. ಸೆಮಿನರಿಯಿಂದ ಅವನು ತಂದದ್ದು ಇಸ್ತ್ರಿ ಹಾಕಿದ ಬಿಳಿ ಶರ್ಟು ಮತ್ತು ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಮಾತ್ರ ಎಂದು ಕಾವ್ಯ ತಮಾಷೆ ಮಾಡುತ್ತಿದ್ದಳು. ಒಬ್ಬರ ಕೋಣೆಯ ಮಾತು ಇನ್ನೊಬ್ಬರ ಕೋಣೆಗೆ ಹೋಗಬಾರದು ಎಂಬ ನಿಯಮವನ್ನು ಮೊದಲ ದಿನವೇ ಮಾಡಿದವಳು ಅವಳೇ.

ಮಂಡಿನೋವು ಹೆಚ್ಚಾಗಿ ದೇಜಪ್ಪ ದೋಣಿಗೆ ಹೋಗುವುದನ್ನು ಬಿಟ್ಟಿದ್ದರು. ಮೊದಮೊದಲು ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಮನುಷ್ಯ, ಬರಬರುತ್ತಾ ಸಂಜೆ ಮಗಳು ಬಸ್ಸಿಳಿದು ಬರುವುದು ಕಂಡರೆ ಸಾಕು, ಪೇಪರ್ ಬಿಡಿಸಿ ಮುಖ ಮರೆಮಾಡತೊಡಗಿದರು. ಊಟಕ್ಕೆ ಕೂತರೆ ಹೂಂ, ಉಹೂಂ, ಅಷ್ಟೆ. ಕಾವ್ಯ ಗಾಬರಿಯಾದಳು. ಅಪ್ಪ ಹೀಗೆಯೇ ಒಳಗೊಳಗೆ ಕುಸಿದುಹೋದರೆ ಎಂಬ ಭಯ ಅವಳನ್ನು ಬಿಡಲಿಲ್ಲ. ಕೆಲಸ ನಿಂತವರಿಗೆ ಬರುವ ಖಿನ್ನತೆ ಇದು ಎಂದು ಅವಳೇ ತೀರ್ಮಾನಿಸಿ, ಸ್ವಂತದವರಿಗೆ ತಾನು ಸಲಹೆ ಕೊಡುವ ಹಾಗಿಲ್ಲವೆಂದು ಕ್ಲಾರೆನ್ಸನ ಹತ್ತಿರ ಹೋಗಲು ಹೇಳಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ದೇಜಪ್ಪ ಎರಡು ಮಾತಾಡದೆ ಹೊರಟೇಬಿಟ್ಟರು. ಅಷ್ಟು ಸುಲಭವಾಗಿ ಒಪ್ಪಿದ್ದೇ ಅವಳಿಗೆ ಸ್ವಲ್ಪ ಚುಚ್ಚಿತು.

ಎರಡು ಕೋಣೆಗಳ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಮಾತು ಕೇಳಿಸುತ್ತಿರಲಿಲ್ಲ, ಆದರೆ ನಗು ಕೇಳಿಸಿತು. ಮನೆಯಲ್ಲಿ ಎಷ್ಟೋ ಕಾಲದಿಂದ ಕೇಳದ ಅಪ್ಪನ ನಗು. ಕಾವ್ಯಳಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಹೊಟ್ಟೆಕಿಚ್ಚೂ ಆಯಿತು.

ಮರುವಾರ ಅವಳು ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಟಿಫಿನ್ ಹಿಡಿದು ಕ್ಲಾರೆನ್ಸನ ಎದುರು ಕೂತಳು.

"ಅಮ್ಮ ಕಳಿಸಿದ್ದು. ಅಪ್ಪ ಹೇಗಿದ್ದಾರೆ?"

"ಪುಳಿಮುಂಚಿ ಚೆನ್ನಾಗಿ ಉಂಟು" ಎಂದ ಕ್ಲಾರೆನ್ಸ್.

"ಎಂತ ಮಾತಾಡ್ತಾರೆ ಅಂತ ಬೇಡ. ಯಾರ ವಿಷಯ ಅಂತ ಮಾತ್ರ ಹೇಳಿ."

"ನಿಯಮ ಮಾಡಿದ್ದು ಯಾರು ಮಾರಾಯ್ರೇ?" ಎಂದು ಅವನು ಇನ್ನೊಂದು ತುಂಡು ಬಂಗುಡೆ ಬಡಿಸಿಕೊಂಡ.

ಮೀನೂ ಹೋಯಿತು, ಗುಟ್ಟೂ ಸಿಗಲಿಲ್ಲ. ಸಂಜೆ ಕಾವ್ಯ ನೇರ ಜಗಲಿಗೆ ಬಂದು, ಅಪ್ಪ ಪೇಪರ್ ಎತ್ತುವ ಮೊದಲೇ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಅಪ್ಪ, ಕ್ಲಾರೆನ್ಸನ ಹತ್ತಿರ ಎಂತ ಹೇಳ್ತೀರಿ?"

ದೇಜಪ್ಪ ಪೇಪರಿಗೆ ಕೈ ಚಾಚಿದರು, ಅದು ಸಿಗಲಿಲ್ಲ.

"ನಿನ್ನ ವಿಷಯ ಮಗಾ. ಒಂದು ದಿನ ನಾನು ಸಾರಿಗೆ ಉಪ್ಪು ಕಡಿಮೆ ಅಂದೆ. ಅದಕ್ಕೆ ನೀನು, 'ಅಪ್ಪ, ನಿಮ್ಮ ಸಿಟ್ಟು ಉಪ್ಪಿನ ಮೇಲಲ್ಲ' ಅಂದಿ. ಸೆಕೆ ಅಂದರೆ ಒಳಗೆ ಎಂತದೋ ಕುದಿಯುತ್ತಾ ಉಂಟು ಅಂತಿ. ನನಗೆ ನಿನ್ನ ಹತ್ತಿರ ಸುಮ್ಮನೆ ಮಾತಾಡುವ ಅಂತ ಆಸೆ. ಆದರೆ ಬಾಯಿ ಬಿಡಲಿಕ್ಕೆ ಹೆದರಿಕೆ ಆಗ್ತದೆ."

"ಅವನು ಎಂತ ಹೇಳಿದ?"

"ಇದನ್ನು ಮಗಳ ಹತ್ತಿರವೇ ಹೇಳಿ ಅಂತ. ಧೈರ್ಯ ಬರಲಿಲ್ಲ."

ಊರವರ ಮನಸ್ಸನ್ನೆಲ್ಲ ಬಿಡಿಸಿದವಳು ಮನೆಯ ಒಬ್ಬ ಮನುಷ್ಯನ ಬಾಯಿಗೆ ತಾನೇ ಬೀಗ ಹಾಕಿದ್ದಳು. ಕಾವ್ಯಳಿಗೆ ನೋವಾಯಿತು, ನಾಚಿಕೆಯೂ ಆಯಿತು.

ಹೇಳಿ ಹಗುರಾದ ದೇಜಪ್ಪ ಕಡಲಿನ ಕಡೆ ತಿರುಗಿದರು. "ಗಾಳಿ ತೆಂಕಿನಿಂದ ಬೀಸುತ್ತಾ ಉಂಟು. ನಾನಾಗಿದ್ದರೆ ಇವತ್ತು ದೋಣಿ ಇಳಿಸುತ್ತಿರಲಿಲ್ಲ."

ಎಂತಹ ವಾಕ್ಯ. ಮಣಿಪಾಲದಲ್ಲಾಗಿದ್ದರೆ ಇದೊಂದರ ಮೇಲೆಯೇ ಇಡೀ ಗಂಟೆ ಕಳೆಯಬಹುದಿತ್ತು. ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ತೆಂಕಿನ ಗಾಳಿಗೆ ಎಂತ ಆಗ್ತದೆ ಅಪ್ಪ?"

ದೇಜಪ್ಪ ಮಗಳ ಮುಖವನ್ನು ಒಮ್ಮೆ ಸಂಶಯದಿಂದ ನೋಡಿದರು. ಆಮೇಲೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟು, ಗಾಳಿಯ ವಿಷಯ ಹೇಳತೊಡಗಿದರು. ಒಳಗಿನಿಂದ ಅಕ್ಕು ಊಟಕ್ಕೆ ಕರೆದರೂ ನಿಲ್ಲಿಸಲಿಲ್ಲ.